ಕುಂಕುಮ ಹತ್ತಿದ ವೈರು

ಆಗ ನನಗೆ ಅರವತ್ತೊಂದು ವರ್ಷ. ಅದಾಗಿ ನಾಲ್ಕು ವರ್ಷವಾಯಿತು. ಇಂದಿರಾನಗರದಲ್ಲಿ ಸೀರಿಯಲ್ ಎಡಿಟಿಂಗ್ ಮಾಡುವ ಒಂದು ಆಫೀಸಿನಲ್ಲಿ ನೆಲ ಒರೆಸಿ ಕಾಫಿ ಕೊಡುವ ಕೆಲಸ ನನ್ನದು. ಜೋಗುಪಾಳ್ಯದಿಂದ ನಡೆದೇ ಹೋಗುತ್ತಿದ್ದೆ. ವಿಡಿಯೊ ತುಂಬಿದ ಹಾರ್ಡ್ ಡಿಸ್ಕುಗಳನ್ನು ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೊರುವುದೂ ನನ್ನ ತಲೆಗೇ ಬಿದ್ದಿತ್ತು. ಮಂಡಿ ಸವೆದಿತ್ತು.

ಆ ವರ್ಷ ಸ್ಟೋರೇಜ್ ಅಂತ ಒಂದು ದೊಡ್ಡ ಪೆಟ್ಟಿಗೆ ತಂದರು. ವಿಡಿಯೊ ಎಲ್ಲ ಅದರಲ್ಲೇ ಇರುತ್ತದೆ, ಅಲ್ಲಿಂದ ನಾಲ್ಕು ಕಂಪ್ಯೂಟರಿಗೂ ವೈರು ಎಳೆದರೆ ಎಲ್ಲರೂ ಕೂತಲ್ಲೇ ತೆಗೆದುಕೊಳ್ಳಬಹುದು, ಡಿಸ್ಕು ಹೊರುವುದು ತಪ್ಪುತ್ತದೆ ಅಂದರು. ಆಯುಧಪೂಜೆಯ ದಿನವೇ ಶುರುವಾಗಬೇಕು ಅನ್ನುವುದು ಯಜಮಾನರ ಹಟ.

ವೈರು ಜೋಡಿಸಲು ಬಂದವಳು ಕಲಬುರಗಿ ಕಡೆಯ ಇಂಜಿನಿಯರ್ ಹುಡುಗಿ ಸುಜಾತಾ. ನಾಲ್ಕು ಕ್ಲೈಂಟ್ ಇವತ್ತೇ ಕನೆಕ್ಟ್ ಆಗಬೇಕು ಅಂದಳು. ನಮ್ಮಲ್ಲಿ ಕ್ಲೈಂಟ್ ಅಂದರೆ ಚಾನೆಲ್ಲಿನವರು, ಬಂದ ಕೂಡಲೇ ಕಾಫಿ ಕೇಳುವವರು. ನಾಲ್ಕು ಲೋಟ ಮಾಡಿಟ್ಟೆ. ಪೆಟ್ಟಿಗೆಗೆ ಸೇರುವ ಕಂಪ್ಯೂಟರಿಗೇ ಇವರು ಕ್ಲೈಂಟ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆರಿದ ಕಾಫಿ ನಾನೇ ಕುಡಿದೆ.

ಅವಳು ವೈರುಗಳ ತುದಿಯ ಮುಚ್ಚಳ ತೆಗೆದಿಟ್ಟು ಫೋನು ಬಂತೆಂದು ಹೊರಗೆ ಹೋದಳು. ಅಷ್ಟರಲ್ಲಿ ಯಜಮಾನರು ಪೂಜೆ ಶುರು ಮಾಡಿದರು. ಪೆಟ್ಟಿಗೆಗೆ ಬೊಟ್ಟು, ಕಂಪ್ಯೂಟರಿಗೆ ಬೊಟ್ಟು, ಒಂದೊಂದು ವೈರಿನ ತುದಿಗೂ ಬೊಟ್ಟು. ನಾವೆಲ್ಲ ಕೈಮುಗಿದು ನಿಂತಿದ್ದೆವು. ಅವಳು ಬಂದು ಅವಸರದಲ್ಲಿ ತುದಿ ನೋಡದೆ ವೈರು ಸಿಕ್ಕಿಸಿದಳು. ಒಂದು ಕಂಪ್ಯೂಟರೂ ಕನೆಕ್ಟ್ ಆಗಲಿಲ್ಲ.

ಮ್ಯಾನೇಜರ್ ಪ್ರಶಾಂತ್ ನೆಲ ನೋಡಿದರು, ನನ್ನನ್ನು ನೋಡಿದರು. "ಬೆಳಿಗ್ಗೆ ಇಲ್ಲಿ ನೀರು ಹಾಕಿ ಒರೆಸಿದ್ರಾ ಮುನಿಯಮ್ಮ?"

ಹಿಂಡಿದ ಬಟ್ಟೆಯಲ್ಲಿ ಒರೆಸಿದೆ, ವೈರು ಮುಟ್ಟಲಿಲ್ಲ ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಹಬ್ಬ ಮುಗಿದ ಮೇಲೆ ಬೇರೆ ಹೆಂಗಸನ್ನು ಕಳಿಸಿ ಅಂತ ನನ್ನೆದುರಿಗೇ ಏಜೆನ್ಸಿಗೆ ಫೋನು ಮಾಡಿದರು. ಆ ವಯಸ್ಸಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಸಂಜೆ ಎಪಿಸೋಡ್ ಚಾನೆಲ್ಲಿಗೆ ಹೋಗಬೇಕಿತ್ತು. ಹಾಗಾಗಿ ಬೈಸಿಕೊಂಡವಳೇ ಮತ್ತೆ ಡಿಸ್ಕು ಹೊತ್ತು ಮೆಟ್ಟಿಲು ಹತ್ತಿ ಇಳಿದೆ.

ಸುಜಾತಾ ಕಂಪ್ಯೂಟರಿನ ಹೆಸರು ಬದಲಾಯಿಸಿದಳು, ನಂಬರು ಬದಲಾಯಿಸಿದಳು, ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದಳು. ಸಂಜೆಗೆ ಸಾಕಾಗಿ ಒಂದು ವೈರು ಕಿತ್ತು ಅದರ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದಳು.

"ನೀರಲ್ಲರಿ ಸರ್, ಕುಂಕುಮ ಅದ."

ಆ ವೈರಿನೊಳಗೆ ಇರುವುದು ಕೂದಲಿನಂಥ ಗಾಜಿನ ಎಳೆಯಂತೆ. ಅದರಲ್ಲಿ ಬೆಳಕು ಹೋಗಬೇಕು, ತುದಿಗೆ ಧೂಳು ಕೂತರೂ ಬೆಳಕು ದಾಟುವುದಿಲ್ಲವಂತೆ. ಎಲ್ಲರೂ ಯಜಮಾನರ ಕೆಂಪು ಬೆರಳು ನೋಡಿದರು. ದೇವರ ಕೆಲಸಕ್ಕೆ ಏನೂ ಆಗಲ್ಲ ಅಂದುಕೊಂಡೆ ಅಂದರು ಅವರು. ತುದಿಗಳನ್ನು ಒರೆಸಿದ್ದೇ ತಡ, ನಾಲ್ಕೂ ಕನೆಕ್ಟ್ ಆದವು.

"ಸರಿ ಮುನಿಯಮ್ಮ, ಎಲ್ರಿಗೂ ಕಾಫಿ ಮಾಡಿ," ಅಂದರು ಮ್ಯಾನೇಜರ್.

"ಮೊದ್ಲು ಏಜೆನ್ಸಿಗೆ ಫೋನ್ ಮಾಡಿ. ಆಮೇಲೆ ಕಾಫಿ," ಅಂದೆ.

ಮಾಡಿ, ಬೇರೆ ಹೆಂಗಸು ಬೇಡ ಅಂದರು. ನನಗೆ ತಪ್ಪಾಯಿತು ಅನ್ನಲಿಲ್ಲ. ಕಾರಣ ತಿಳಿಯದಿದ್ದರೆ ಮೊದಲು ಕಾಣುವುದು ಒರೆಸುವ ಬಟ್ಟೆ ಹಿಡಿದ ಕೈ. ಬೊಟ್ಟಿಟ್ಟ ಕೈಯನ್ನು ಯಾರೂ ಅನುಮಾನಿಸುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮರುದಿನ ವಿಜಯದಶಮಿ, ಸೀರಿಯಲ್ಲಿನವರಿಗೆ ರಜೆ ಇಲ್ಲ. ಬೆಳಿಗ್ಗೆ ಹೋದವಳೇ ಮೊದಲು ಆ ಪೆಟ್ಟಿಗೆಯ ಕೋಣೆಯನ್ನೇ ಒರೆಸಿದೆ, ಅದೇ ಒದ್ದೆ ಬಟ್ಟೆಯಲ್ಲಿ. ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತರು. ನೆಲ ಒಣಗುವ ತನಕ ಒಳಗೆ ಬಿಡಲಿಲ್ಲ.