ಸೇತುವೆಯ ಮೇಲೆ ನಲವತ್ತಾರು ಬಸ್ಸು

ನಮ್ಮ ಬಳಗದಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ತಪ್ಪು ತಿಳಿವಳಿಕೆ ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ನಾನು ಒಂದು ವಿಮಾ ಕಚೇರಿಯ ಎರಡನೇ ಮಹಡಿಯಲ್ಲಿ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವ, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ಮನುಷ್ಯ. ಸಂಬಳ ಬರುವುದು ಅಷ್ಟಕ್ಕೇ. ಆದರೆ ನೆಂಟರು "ಇವನು ಕಂಪ್ಯೂಟರಲ್ಲಿದಾನೆ" ಎಂದು ಪರಿಚಯಿಸುತ್ತಾರೆ, ನಾನೇನೋ ಅದರೊಳಗೇ ಹಾಸಿಗೆ ಹಾಸಿಕೊಂಡು ಮಲಗುವವನ ಹಾಗೆ. ನಾನೂ ತಲೆಯಾಡಿಸುತ್ತೇನೆ. ಆ ತಲೆಯಾಟವನ್ನು ನಂಬಿ ಕೆಟ್ಟವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಮೂವತ್ತನಾಲ್ಕು ವರ್ಷ ಬಸ್ ಡಿಪೋದ ವೇಳಾಪಟ್ಟಿ ವಿಭಾಗದಲ್ಲಿದ್ದರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟು ಎಲ್ಲಿ ಎಷ್ಟು ನಿಲ್ಲಬೇಕು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಬರೆಯುವುದು ಅವರ ಕೆಲಸ. ಡ್ರೈವರುಗಳು ಅವರಿಗೆ 'ಗಡಿಯಾರ' ಎಂದು ಹೆಸರಿಟ್ಟಿದ್ದರು. ದೊಡ್ಡಮ್ಮನ ದೂರು ಬೇರೆ: "ಮದುವೆ ದಿನಾನೂ ಕೈಗಡಿಯಾರಾನೇ ನೋಡ್ತಾ ಕೂತಿದ್ರು. ನನ್ನ ಮುಖ ಆಮೇಲೆ ನೋಡಿದ್ದು. ಅದೂ ಪುರುಸೊತ್ತಾದಾಗ."

ನಿವೃತ್ತಿಗೆ ಹನ್ನೆರಡು ವರ್ಷ ಮುಂಚೆ ಅವರೊಂದು ಯೋಜನೆ ಬರೆದಿದ್ದರು. ಎಲ್ಲ ಬಸ್ಸುಗಳೂ ನಡುವಿನ ನಿಲ್ದಾಣಕ್ಕೆ ಬಂದು ಹೋಗುವುದು ಬೇಡ. ಸೇತುವೆ ದಾಟಿ ನದಿಯ ಎರಡೂ ದಡಗಳನ್ನು ಸುತ್ತುವ ಸಣ್ಣ ಸಣ್ಣ ಮಾರ್ಗಗಳಿರಲಿ. ಗಿರಣಿಯ ಕಡೆಯ ಕೂಲಿಯವರಿಗೆ ಏಳು ನಿಮಿಷಕ್ಕೊಂದು ಬಸ್ಸು ಸಿಗುತ್ತದೆ. ನೂರ ಹದಿನೆಂಟು ಹಾಳೆ. ಮೇಲಧಿಕಾರಿ ಅದರ ಮೇಲೆ ಒಂದೇ ಸಾಲು ಬರೆದರು: 'ಸೇತುವೆಯ ಮೇಲೆ ಸಿಕ್ಕಿಕೊಳ್ಳುತ್ತದೆ. ಕೈಬಿಡಲಾಗಿದೆ.'

ಬಡ್ತಿ ತಪ್ಪಿದ್ದಕ್ಕೆ ದೊಡ್ಡಪ್ಪ ಎಂದೂ ಬೇಸರಪಡಲಿಲ್ಲ. ಆ ಸಾಲು ಮಾತ್ರ ಅವರ ಗಂಟಲಲ್ಲೇ ಉಳಿಯಿತು. ಸಿಕ್ಕಿಕೊಳ್ಳುತ್ತೋ ಇಲ್ಲವೋ ಎಂದು ಒಂದು ದಿನವಾದರೂ ಓಡಿಸಿ ನೋಡಬೇಕಿತ್ತಲ್ಲ ಎಂಬುದು ಅವರ ವಾದ.

ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗಲೆಂದು ನನ್ನ ಹಳೆಯ ಕಂಪ್ಯೂಟರನ್ನೂ, ಅದರಲ್ಲಿ ಊರು ಕಟ್ಟುವ ಹಳೆಯ ಆಟವೊಂದನ್ನೂ ಹಾಕಿಕೊಟ್ಟವನು ನಾನೇ. ಆ ಆಟದಲ್ಲಿ ರಸ್ತೆ ಎಳೆಯಬಹುದು, ಮನೆ ಕಟ್ಟಬಹುದು, ಬಸ್ ಬಿಡಬಹುದು. ಪುಟ್ಟ ಪುಟ್ಟ ಜನ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ. ಮೂರನೇ ದಿನಕ್ಕೆ ದೊಡ್ಡಪ್ಪ ಹಳೆಯ ಹಾಳೆಗಳನ್ನು ಹೊರತೆಗೆದರು. ಎರಡು ವರ್ಷದಲ್ಲಿ ನಮ್ಮ ಊರೇ ಪರದೆಯ ಮೇಲೆ ಎದ್ದು ನಿಂತಿತು. ನದಿ, ಗಿರಣಿ, ಸೇತುವೆ, ಸೇತುವೆಯ ಅಗಲ ಕೂಡ ಲೆಕ್ಕಾಚಾರದ ಪ್ರಕಾರ.

ತೊಂದರೆ ಶುರುವಾದದ್ದು ಜನ ಹೆಚ್ಚಿದಾಗ. ಯೋಜನೆ ಬರೆದ ವರ್ಷ ಊರಿನಲ್ಲಿ ಒಂದು ಲಕ್ಷ ಹತ್ತು ಸಾವಿರ ಜನ. ಅಷ್ಟೂ ಜನ ತುಂಬದೆ ಪರೀಕ್ಷೆ ನಡೆಸುವುದು ಮೋಸ ಎಂದು ಅವರ ಹಟ. ಅರುವತ್ತು ಸಾವಿರ ದಾಟುತ್ತಲೇ ಚಿತ್ರ ತಡವರಿಸತೊಡಗಿತು. ಬಸ್ಸುಗಳು ಹಿಂದಿನಿಂದ ಯಾರೋ ತಳ್ಳಿದ ಹಾಗೆ ಒಂದೊಂದೇ ಗೇಣು ಸರಿದವು. ಎಂಬತ್ತು ಸಾವಿರಕ್ಕೆ ಆಟವೇ ಮುಚ್ಚಿಕೊಂಡಿತು. ಹತ್ತಾರು ಸಲ ಹೀಗೇ.

"ಯೋಜನೇಲಿ ತಪ್ಪಿಲ್ಲ ಮಗಾ," ಎಂದರು. "ಮಷೀನಿಗೆ ಶಕ್ತಿ ಸಾಲದು. ಒಳ್ಳೇದೊಂದು ಆರಿಸಿ ಕೊಡು. ನೀನು ಅದರಲ್ಲೇ ಇರೋನಲ್ವಾ."

ನಾನು ತಲೆಯಾಡಿಸಿದೆ.

ಪೇಟೆಯ ಹಿಂದಿನ ಓಣಿಯಲ್ಲಿ ಬಳಸಿದ ಬಿಡಿಭಾಗಗಳನ್ನು ಮಾರುವವನೊಬ್ಬನಿದ್ದ. ನಾನು ಒಳಗೆ ಕಾಲಿಡುತ್ತಲೇ "ನಾನೂ ಕಂಪ್ಯೂಟರ್ ಲೈನಲ್ಲೇ ಇರೋದು" ಎಂದುಬಿಟ್ಟೆ, ಹೆಚ್ಚು ಬೆಲೆ ಹೇಳದಿರಲಿ ಎಂದು. ದೊಡ್ಡ ಕಚೇರಿಯೊಂದು ತೆಗೆದುಹಾಕಿದ ಸರ್ವರ್ ಯಂತ್ರವೊಂದು ಅಲ್ಲಿತ್ತು. ಅದರ ಪ್ರೊಸೆಸರಿನಲ್ಲಿ ಹದಿನಾರು ಕೋರ್, ಎಂದರೆ ಲೆಕ್ಕ ಮಾಡುವ ಹದಿನಾರು ತಲೆ; ದೊಡ್ಡಪ್ಪನ ಹಳೆಯದರಲ್ಲಿ ನಾಲ್ಕೇ. ನಾಲ್ಕು ಆಳು ಎತ್ತಲಾರದ ಮೂಟೆಯನ್ನು ಹದಿನಾರು ಆಳು ಎತ್ತಿಯೇ ಎತ್ತುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. ಯಂತ್ರದ ನೆನಪಿಗೆಂದು ಬೇಕಾದದ್ದಕ್ಕಿಂತ ಎಂಟು ಪಟ್ಟು ರ‍್ಯಾಮ್ ತುಂಬಿಸಿದೆ. ಹಳೆಯದನ್ನು ಬದಲಿಗೆ ಕೊಟ್ಟು ಹೊರಟಾಗ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ.

ಹೊಸ ಯಂತ್ರ ವಿಮಾನದಂತೆ ಸದ್ದು ಮಾಡಿತು. ಬಸ್ಸುಗಳು ಮೊದಲಿಗಿಂತ ನಿಧಾನವಾದವು. ಯಾವ ಕೋರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಕಿಟಕಿ ತೆರೆದೆ. ಒಂದು ಕೋರ್ ತುದಿಯವರೆಗೆ ಏರಿ ಏದುಸಿರು ಬಿಡುತ್ತಿತ್ತು. ಉಳಿದ ಹದಿನೈದೂ ನೆಲ ಕಚ್ಚಿ ಮಲಗಿದ್ದವು.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಮ್ಮ ಡಿಪೋ ಥರಾನೇ ಇದೆ. ಒಬ್ಬ ದುಡೀತಾನೆ, ಹದಿನೈದು ಜನ ಸಹಿ ಹಾಕ್ತಾರೆ."

ಮರುದಿನ ಅಂಗಡಿಗೆ ಓಡಿದೆ.

"ಹಳೇ ಆಟ ಸರ್ ಅದು," ಎಂದ ಅಂಗಡಿಯವನು. "ಅದನ್ನ ಬರೆದ ಕಾಲದಲ್ಲಿ ಇದ್ದಿದ್ದೇ ಒಂದು ಕೋರ್. ನೂರು ಕೊಟ್ಟರೂ ಅದು ಒಂದನ್ನೇ ಬಳಸೋದು. ಎರಡು ಜಿಬಿ ಮೇಲೆ ರ‍್ಯಾಮ್ ಎಷ್ಟಿದ್ದರೂ ಅದರ ಕಣ್ಣಿಗೆ ಕಾಣಲ್ಲ. ನಿಮಗೆ ಬೇಕಾಗಿದ್ದು ಕಡಿಮೆ ಕೋರ್, ಆದರೆ ಒಂದೊಂದೂ ಜೋರಾಗಿ ಓಡೋದು."

"ಮೊನ್ನೇನೇ ಹೇಳ್ಬಾರ್ದಿತ್ತಾ?"

"ನೀವೂ ಇದೇ ಲೈನು ಅಂದ್ರಲ್ಲ ಸರ್. ಒಂದೇ ಕಸುಬಿನವರಿಗೆ ನಾವು ಬುದ್ಧಿ ಹೇಳೋಕಾಗುತ್ತಾ? ಮರ್ಯಾದೆ ಇರಲ್ಲ."

ಆ ಮರ್ಯಾದೆ ನುಂಗಿಕೊಂಡು ಈ ಸಲ ಅವನು ಕೊಟ್ಟದ್ದನ್ನು ತಂದೆ. ಆರೇ ಕೋರು, ಅವನ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಒಂದು ಕೋರಿಗೆ ಅತಿ ಹೆಚ್ಚು ವೇಗದ್ದು. ಆ ಆಟಕ್ಕೆ ಹೆಚ್ಚು ರ‍್ಯಾಮ್ ಬಳಸಲು ಬಿಡುವ ಒಂದು ಸಣ್ಣ ತಿದ್ದುಪಡಿಯನ್ನೂ ಅವನೇ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ.

ಭಾನುವಾರ ಬೆಳಿಗ್ಗೆ ಜೋಡಿಸಿದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು. ಜನ ತುಂಬುತ್ತ ಹೋದರು. ಎಂಬತ್ತು ಸಾವಿರ ದಾಟಿತು, ಒಂದು ಲಕ್ಷ ದಾಟಿತು, ಚಿತ್ರ ಒಂದಿಷ್ಟೂ ತಡವರಿಸಲಿಲ್ಲ. ಒಂದು ಲಕ್ಷ ಹತ್ತು ಸಾವಿರಕ್ಕೆ ಅವರು ಕೈ ಒರೆಸಿಕೊಂಡು ತಮ್ಮ ಬಸ್ಸುಗಳನ್ನೆಲ್ಲ ಒಟ್ಟಿಗೆ ಬಿಟ್ಟರು.

ಹನ್ನೊಂದು ನಿಮಿಷ ಎಲ್ಲ ಸರಿಯಾಗಿತ್ತು. ಆಮೇಲೆ ಸೇತುವೆಯ ಮೇಲೆ ಒಂದು ಬಸ್ಸಿನ ಹಿಂದೆ ಇನ್ನೊಂದು ನಿಂತಿತು. ಅದರ ಹಿಂದೆ ಮತ್ತೊಂದು. ದೊಡ್ಡಪ್ಪ ಬೆರಳಿಟ್ಟು ಎಣಿಸಿದರು. ನಲವತ್ತಾರು.

"ದೊಡ್ಡಪ್ಪ, ಇದು ಆಟ," ಎಂದೆ. "ಇದರಲ್ಲಿರೋ ಜನಕ್ಕೆ ಬುದ್ಧಿ ಇಲ್ಲ. ಎಲ್ರೂ ಹತ್ತಿರದ ದಾರೀನೇ ಹಿಡೀತಾರೆ."

"ನಿಜವಾದ ಜನ ದೂರದ ದಾರಿ ಹಿಡೀತಾರಾ?"

ಆಮೇಲೆ ಮೂರು ವಾರ ಅವರು ಅಂತರ ಹೆಚ್ಚಿಸಿದರು, ಕಡಿಮೆ ಮಾಡಿದರು, ಮಾರ್ಗ ತಿರುಗಿಸಿದರು. ಪ್ರತಿ ಪರೀಕ್ಷೆಯಲ್ಲೂ ಹನ್ನೊಂದು, ಹನ್ನೆರಡು ನಿಮಿಷಕ್ಕೆ ಸೇತುವೆ ಸಿಕ್ಕಿಕೊಂಡಿತು. ಯಂತ್ರ ಒಮ್ಮೆಯೂ ಕೈಕೊಡಲಿಲ್ಲ. ದೊಡ್ಡಮ್ಮ ನನಗೆ ಫೋನ್ ಮಾಡಿದರು: "ಮೊದಲಾದ್ರೆ ಮಷೀನನ್ನ ಬೈಕೊಂಡು ಇರ್ತಿದ್ರು. ಅದೆಂಥದ್ದು ತಂದುಕೊಟ್ಟೆಯಪ್ಪಾ, ಈಗ ಬೈಯೋಕೂ ಯಾರೂ ಇಲ್ಲ."

ಮುಂದಿನ ಭಾನುವಾರ ಹೋದೆ. ಹಾಳೆಗಳು ಮೇಜಿನ ಮೇಲಿರಲಿಲ್ಲ. ದೊಡ್ಡಪ್ಪ ಪರದೆಯ ಮುಂದೆ ಬನಿಯನ್ನಿನಲ್ಲೇ ಕುಳಿತಿದ್ದರು. ಒಂದೊಂದಾಗಿ ನಿಲ್ದಾಣಗಳನ್ನು ಅಳಿಸುತ್ತಿದ್ದರು. ಎರಡು ವರ್ಷ ಕೂತು ಇಟ್ಟವುಗಳು. ಕೊನೆಯದನ್ನೂ ತೆಗೆದಾಗ ಊರಿನಲ್ಲಿ ಒಂದೂ ಬಸ್ಸು ಉಳಿಯಲಿಲ್ಲ.

ಪುಟ್ಟ ಜನ ಸ್ವಲ್ಪ ಹೊತ್ತು ರಸ್ತೆ ಬದಿಯಲ್ಲಿ ನಿಂತಿದ್ದರು. ಆಮೇಲೆ ನಡೆಯತೊಡಗಿದರು. ಗಿರಣಿಯ ಕಡೆಯಿಂದ ಉದ್ದಕ್ಕೆ ಸಾಲಾಗಿ ಬಂದು ಸೇತುವೆ ಹತ್ತಿದರು.

"ತಲುಪ್ತಾರೆ, ನೋಡು," ಎಂದರು ದೊಡ್ಡಪ್ಪ. "ತಡ ಆಗುತ್ತೆ ಅಷ್ಟೆ. ನಾನಿಲ್ದೇ ಇದ್ರೂ ತಲುಪ್ತಾರೆ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಒಂದು ಲಕ್ಷ ಹತ್ತು ಸಾವಿರ ಜನ ನಡೆಯುತ್ತಿದ್ದರು. ಚಿತ್ರ ಎಲ್ಲಿಯೂ ತಡವರಿಸಲಿಲ್ಲ.