ಗೊಂಚಿಗ್ ಅಗಲ ಮಾಡಿದ ಒಲೆಬಾಯಿಗಳು

ನಮ್ಮ ಗುಡ್ಡದ ಮೇಲೆ ಚಳಿಗಾಲದಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಒಣಹಾಕುವ ಮೂರ್ಖರು ಯಾರೂ ಇಲ್ಲ. ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಉಗುಳಿದರೆ ಉಗುಳೂ ಕಪ್ಪು. ನಮ್ಮ ರಾಜಧಾನಿ ಉಲಾನ್‌ಬಾತರ್‌ನ ಕೆಳಗಿನ ಬಡಾವಣೆಯವರು, ಕೊಳವೆಯಲ್ಲಿ ಬಿಸಿನೀರು ಬರುವ ಫ್ಲ್ಯಾಟುಗಳ ಜನ, ನಮ್ಮ ಗುಡಾರಗಳತ್ತ ನೋಡಿ ಮೂಗು ಮುಚ್ಚಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿದ್ದಿದ್ದರೆ ನಾನೂ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆದರೆ ಈ ಹೊಗೆಯಲ್ಲಿ ದೊಡ್ಡ ಪಾಲು ಯಾರದೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದು ನನ್ನ ಪಕ್ಕದ ಬೇಲಿಯ ಗೊಂಚಿಗ್‌ನದು.

ಗೊಂಚಿಗ್ ರೈಲ್ವೆಯಲ್ಲಿ ವೆಲ್ಡರ್ ಆಗಿದ್ದವನು. ನಿವೃತ್ತನಾದ ಮೇಲೆ ಸುಮ್ಮನೆ ಕೂತು ಚಹಾ ಕುಡಿದುಕೊಂಡಿದ್ದರೆ ಲೋಕಕ್ಕೆ ಉಪಕಾರವಾಗುತ್ತಿತ್ತು. ಅವನ ಕೈ ಸುಮ್ಮನಿರುವ ಜಾತಿಯದಲ್ಲ. ಯಾರ ಮನೆಯ ಒಲೆ ಕಂಡರೂ ಅದನ್ನು ಸುಧಾರಿಸಬೇಕು. ಒಂದು ವರ್ಷ ಒಲೆಯ ಬೆನ್ನಿಗೆ ನೀರಿನ ತೊಟ್ಟಿ ಅಂಟಿಸಿದ. ನೀರು ಕುದಿಯಿತು, ಮನೆ ತಣ್ಣಗಾಯಿತು. ಮುಂದಿನ ವರ್ಷ ಶಾಖ ಮನೆಯೊಳಗೇ ಸುತ್ತಾಡಲಿ ಎಂದು ಚಿಮಣಿಯನ್ನು ಅಂಕುಡೊಂಕು ಮಾಡಿದ. ಸುತ್ತಾಡಿದ್ದು ಹೊಗೆ. ಆಮೇಲೆ ಬೆಂಕಿ ಕಾಣಲಿ ಎಂದು ಒಲೆಯ ಕದಕ್ಕೆ ಗಾಜು ಕೂರಿಸಿದ. ಅದು ಬೀಗರು ಬಂದ ದಿನವೇ ಸಿಡಿದು ಅವರ ಚಹಾ ಬಟ್ಟಲಿಗೆ ಬಿತ್ತು.

ಇಷ್ಟಾದರೂ ಓಣಿಯವರು ಅವನ ಹತ್ತಿರವೇ ಹೋಗುತ್ತಿದ್ದರು. ಅರ್ಧ ಚೀಲ ಕಲ್ಲಿದ್ದಲೋ ಒಂದು ಶೀಷೆ ವೋಡ್ಕಾವೋ ಕೊಟ್ಟರೆ ಎಂಥ ಕೆಲಸಕ್ಕೂ ಇಲ್ಲ ಎನ್ನುತ್ತಿರಲಿಲ್ಲ.

ಹಾಗಿರುವಾಗ ನಗರದವರು ಮನೆಮನೆಗೂ ಹೊಸ ಒಲೆ ಹಂಚಿದರು. ನಮ್ಮ ಹಳೇ ಒಲೆ ಎಂದರೆ ನಾಲ್ಕು ಕಾಲಿನ ತಗಡಿನ ಡಬ್ಬ. ಕೆಳಗೆ ಕೆಂಡ, ಮೇಲೆ ಸಲಿಕೆಗಟ್ಟಲೆ ಹಸಿ ಕಲ್ಲಿದ್ದಲು. ಕೆಂಡದ ಮೇಲೆ ಬಿದ್ದ ಕಲ್ಲಿದ್ದಲು ಮೊದಲು ಹೊಗೆಯಾಗಿ ಹೋಗುತ್ತದೆ, ಆಮೇಲೆ ಮನಸ್ಸು ಬಂದರೆ ಉರಿಯುತ್ತದೆ. ಹೊಸದು ಇದಕ್ಕೆ ತದ್ವಿರುದ್ಧ. ಒಳಗೋಡೆಗೆ ದಪ್ಪ ಇಟ್ಟಿಗೆ. ಕಲ್ಲಿದ್ದಲನ್ನು ಒಂದೇ ಸಲ ತುಂಬಿ, ಅದರ ನೆತ್ತಿಯ ಮೇಲೆ ಚಕ್ಕೆ ಇಟ್ಟು ಹಚ್ಚಬೇಕು. ಬೆಂಕಿ ಮೇಲಿನಿಂದ ಕೆಳಗಿಳಿಯುತ್ತದೆ, ಕೆಳಗೆ ಹುಟ್ಟಿದ ಹೊಗೆ ಮೇಲಿನ ಜ್ವಾಲೆಯನ್ನು ದಾಟುವಾಗ ಅದರಲ್ಲೇ ಉರಿದುಹೋಗುತ್ತದೆ. ನಡುವೆ ಯಾರೂ ಸಲಿಕೆ ತರಬಾರದೆಂದೇ ಮೇಲಿನ ಬಾಯಿಯನ್ನು ಚಹಾ ಬಟ್ಟಲಿನಷ್ಟು ಕಿರಿದಾಗಿ ಇಟ್ಟಿದ್ದರು. ಪೂರಾ ಉರಿದು ಆರುವ ತನಕ ಅದನ್ನು ಮುಟ್ಟುವಂತಿಲ್ಲ.

ನನಗಂತೂ ಅದು ಹಿಡಿಸಿತು. ನಾನು ಭಕ್ತಿ ಕಮ್ಮಿ, ಸೋಮಾರಿತನ ಜಾಸ್ತಿ ಇರುವ ಹೆಂಗಸು. ಸಂಜೆ ಒಮ್ಮೆ ತುಂಬಿ ಹಚ್ಚಿದರೆ ಬೆಳಗಿನವರೆಗೆ ಏಳುವ ಕೆಲಸವಿಲ್ಲ. ಆದರೆ ಓಣಿಯವರಿಗೆ ಸಂಕಟ ಶುರುವಾಯಿತು. ನಮ್ಮ ಪಂಚಾಂಗದ ವರ್ಷದ ಕೊನೆಯ ತಿಂಗಳಲ್ಲಿ ಒಲೆಯ ಬೆಂಕಿಗೆ ಕುರಿಯ ಎದೆಮೂಳೆ ಅರ್ಪಿಸುವ ದಿನ ಬರುತ್ತದಲ್ಲ. ಬೇಯಿಸಿ, ಬಣ್ಣದ ದಾರ ಸುತ್ತಿ, ಕೊಬ್ಬು ತುಂಬಿದ ಇಡೀ ಮೂಳೆಯನ್ನು ಬೆಂಕಿಯ ಮೇಲೆ ಮಲಗಿಸಬೇಕು. ಬಟ್ಟಲಗಲದ ಬಾಯಿಯಲ್ಲಿ ಅದು ಹೋಗುವುದು ಹೇಗೆ? ಸೌದೆಯ ಹಾಗೆ ತಲೆಕೆಳಗಾಗಿ ತುರುಕಿದರೆ ಬೆಂಕಿಗೆ ಅವಮಾನ, ಮುರಿದು ಹಾಕಿದರೆ ಮನೆಗೇ ಕೇಡು.

ಓಣಿಯ ಮೇಲ್ತುದಿಯಲ್ಲಿರುವ ಶಾಗ್ದರ್ ಮೊದಲು ಬಂದ. ಅವನು ನಮ್ಮಲ್ಲಿ ದೊಡ್ಡ ಶಾಸ್ತ್ರವಂತ.

"ಗೊಂಚಿಗ್ ಅಣ್ಣ, ಇದೇನ್ ಒಲೆನೋ ಇಲಿ ಬಿಲಾನೋ? ಬೆಂಕೀನ ಉಪವಾಸ ಕೆಡವೋದಕ್ಕಾ ಇದನ್ನ ಕೊಟ್ಟಿರೋದು?"

"ತಗೊಂಡ್ ಬಾ. ಒಂದ್ ಗಳಿಗೆ ಕೆಲಸ" ಎಂದ ಗೊಂಚಿಗ್. ಅವನ ಕೈ ಆಗಲೇ ತುರಿಸುತ್ತಿತ್ತು.

ಗ್ಯಾಸ್ ಕಟರ್ ಹಿಡಿದು ಬಾಯಿಯ ಸುತ್ತ ಅಗಲವಾದ ಬಳೆಯಾಕಾರದ ಕಬ್ಬಿಣದ ಪಟ್ಟಿ ಕೊರೆದು ತೆಗೆದ. ಶಾಗ್ದರ್‌ನ ಹಿಂದೆಯೇ, ನನ್ನೊಬ್ಬಳನ್ನು ಬಿಟ್ಟು, ಓಣಿಗೆ ಓಣಿ ಬಂತು. ಕೊರೆದ ಬಳೆಗಳನ್ನು ಗೊಂಚಿಗ್ ಬಿಸಾಡಲಿಲ್ಲ. ಯಾವುದಕ್ಕಾದರೂ ಆದೀತು ಎಂದು ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಮನೆಯವರ ಹೆಸರು ಗೀಚಿ ಬೇಲಿಯ ತಂತಿಗೆ ಪೋಣಿಸಿದ. ಎದೆಮೂಳೆ ಹೋಗುವಷ್ಟು ಅಗಲವಾದ ಬಾಯಿಯಲ್ಲಿ ಸಲಿಕೆಯೂ ಸಲೀಸಾಗಿ ಹೋಗುತ್ತದೆ. ಎಲ್ಲರೂ ಮತ್ತೆ ಕೆಂಡದ ಮೇಲೆ ಕಲ್ಲಿದ್ದಲು ಸುರಿಯತೊಡಗಿದರು. ವರ್ಷಕ್ಕೆ ಒಂದು ದಿನದ ಮೂಳೆಯ ನೆಪದಲ್ಲಿ ಇಡೀ ಚಳಿಗಾಲದ ಹೊಗೆ ವಾಪಸು ಬಂತು. ನಾನು ಬೇಲಿಯ ಮೇಲಿಂದಲೇ ಕೇಳಿದ್ದೆ:

"ಅಲ್ಲಯ್ಯಾ, ಓದಿದೋರು ತಲೆ ಕೆಡಿಸ್ಕೊಂಡು ಮಾಡಿದ್ದನ್ನ ಹೀಗೆ ಕೊರೆದು ಹಾಳ್ ಮಾಡ್ತಿದೀಯಲ್ಲ, ನಾಚಿಕೆ ಆಗಲ್ವಾ?"

"ಹಾಳಲ್ಲ ಅಕ್ಕ, ಸುಧಾರಣೆ" ಎಂದು ಹಲ್ಲು ಕಿರಿದ.

ಮುಂದಿನ ಶರತ್ಕಾಲದಲ್ಲಿ ಅವನ ಹೆಂಡತಿ ಸೆಂದ್ಮಾ ಆಸ್ಪತ್ರೆಯಿಂದ ಮರಳಿದಳು. ಓಣಿಯಲ್ಲಿ ನನಗೆ ಮನಸ್ಸಾರೆ ಹಿಡಿಸುತ್ತಿದ್ದ ಒಂದೇ ಮನುಷ್ಯಪ್ರಾಣಿ ಅವಳು. ನಾಲಿಗೆ ಚೂರಿಯಂಥದು, ಕೈ ಧಾರಾಳ. ಅವಳ ಎದೆ ಒಡಕು ತಿದಿಯಂತೆ ಸುಯ್ಗುಟ್ಟುತ್ತಿತ್ತು. ಇನ್ನೊಂದು ಚಳಿಗಾಲದ ಹೊಗೆಯನ್ನು ಈ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಗಂಡನನ್ನು ಹೊರಗೆ ಕರೆದು ಹೇಳಿದ್ದರಂತೆ. ಹಳ್ಳಿಗಾಡಿಗೆ ಹೋಗೋಣವೆಂದರೆ ಅಲ್ಲಿ ಇವರಿಗೆ ಯಾರೂ ಇಲ್ಲ. ಆಸ್ಪತ್ರೆಯಿಂದ ದೂರವಿರುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ, ಈ ಗುಡ್ಡದ ಗಾಳಿಯಲ್ಲೇ ಅವಳು ವಸಂತದವರೆಗೆ ಉಸಿರಾಡಬೇಕು.

ಗೊಂಚಿಗ್ ಅವತ್ತೇ ತಂತಿಯಿಂದ ತನ್ನ ಮನೆಯ ಬಳೆ ಬಿಚ್ಚಿ ತನ್ನ ಒಲೆಯ ಬಾಯಿಗೆ ವಾಪಸು ವೆಲ್ಡ್ ಮಾಡಿದ. ಗುಡಾರದ ಒಳಗಿನ ಹೊಗೆ ನಿಂತುಹೋಯಿತು. ಹೊರಗಿನದಕ್ಕೆ ಬೇಲಿ ಯಾವ ಲೆಕ್ಕ? ಗಾಳಿ ಬೀಸದ ಸಂಜೆಗಳಲ್ಲಿ ಶಾಗ್ದರ್‌ನ ಚಿಮಣಿಯ ಹೊಗೆ ಇಳಿಜಾರಿನಲ್ಲಿ ಜಾರಿ ಬಂದು ನೇರ ಇವರ ಗುಡಾರದ ನೆತ್ತಿಯ ಕಿಂಡಿಯಿಂದ ಒಳಗಿಳಿಯುತ್ತಿತ್ತು. ಸೆಂದ್ಮಾ ಕೆಮ್ಮುವುದು ನನ್ನ ಹಾಸಿಗೆಯವರೆಗೆ ಕೇಳಿಸುತ್ತಿತ್ತು.

ಬಳೆಗಳ ಸರವನ್ನು ಕೊರಳಿಗೆ ಹಾಕಿಕೊಂಡು ಅವನು ಮನೆಮನೆಗೆ ಹೊರಟ. ಬಾಯಿಯನ್ನು ಮೊದಲಿನಂತೆ ಮಾಡಿಕೊಡುತ್ತೇನೆ, ಏನೂ ಕೊಡಬೇಡಿ, ನನ್ನ ಹೆಂಡತಿ ಉಸಿರಾಡಲಿ ಎಂದು ಕೇಳಿದ. ಎಲ್ಲರೂ ಚಹಾ ಕೊಟ್ಟರು, ಅಯ್ಯೋ ಪಾಪ ಎಂದರು. ಒಲೆ ಮುಟ್ಟಲು ಒಬ್ಬರೂ ಬಿಡಲಿಲ್ಲ. ಎದೆಮೂಳೆ ಹೇಗೆ ಹಾಕೋದು ಅಣ್ಣ, ನೀವೇ ಹೇಳಿ ಎಂದು ಅವನನ್ನೇ ಕೇಳಿದರು. ಶಾಗ್ದರ್‌ನ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಒಲೆಯ ಪಕ್ಕದಲ್ಲಿ ಲಾರಿ ಟೈರಿನ ತುಂಡುಗಳು ಗುಡ್ಡೆ ಬಿದ್ದಿದ್ದವು.

"ಬೆಂಕಿ ತಾಯಿ ಇದ್ದ ಹಾಗೆ ಅಣ್ಣ. ಬಾಯಿ ಕಟ್ಟಿದ್ರೆ ಮನೆ ಉದ್ಧಾರ ಆಗತ್ತಾ?" ಎಂದ ಶಾಗ್ದರ್.

ನನಗೆ ತಡೆಯಲಾಗಲಿಲ್ಲ. "ಬೆಂಕಿಗೆ ಕಸ ಹಾಕ್ಬಾರ್ದು ಅನ್ನೋದೂ ಅದೇ ಶಾಸ್ತ್ರ ಅಲ್ವೇನಯ್ಯಾ? ಮತ್ತೆ ತಾಯಿಗೆ ಟೈರ್ ತಿನ್ನಿಸ್ತಿದೀಯ?"

"ಟೈರು ಚೆನ್ನಾಗಿ ಉರಿಯತ್ತೆ ಅಕ್ಕ" ಎಂದ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಆ ಮನೆಯ ಚಹಾ ನಾನು ಕುಡಿಯಲಿಲ್ಲ. ಬಟ್ಟಲನ್ನು ಅಲ್ಲೇ ಇಟ್ಟು ಎದ್ದುಬಂದೆ.

ಬೆಂಕಿಯ ದಿನ ಬಂತು. ಸೆಂದ್ಮಾ ಅವತ್ತು ಓಣಿಯ ಎಲ್ಲರನ್ನೂ ತನ್ನ ಗುಡಾರಕ್ಕೆ ಕರೆಸಿದಳು. ಬಂದವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಶಾಗ್ದರ್ ಗೌರವದ ಜಾಗ ನೋಡಿಕೊಂಡು ಬಾಗಿಲಿಗೆ ಎದುರಾಗಿ ಹಿಂಬದಿಯಲ್ಲಿ ಕೂತ. ಗೊಂಚಿಗ್ ದಾರ ಸುತ್ತಿದ ಎದೆಮೂಳೆಯನ್ನು ತಟ್ಟೆಯಲ್ಲಿ ಹಿಡಿದು ಕಿರಿದಾದ ಒಲೆಬಾಯಿಯ ಮುಂದೆ ಅಡ್ಡ ಉದ್ದ ಅಳೆಯುತ್ತ ನಿಂತ.

"ಇಲ್ಲಿ ಕೊಡು ಮುದುಕಾ" ಎಂದಳು ಸೆಂದ್ಮಾ.

"ಏನ್ ಮಾಡ್ತೀಯೇ?"

"ಕೊಡು ಅಂದ್ರೆ ಕೊಡು. ನಿನ್ ಸುಧಾರಣೆ ನೋಡಿ ನೋಡಿ ಸಾಕಾಯ್ತು. ಈಗ ನಂದು ನೋಡು."

ಮೂಳೆಯನ್ನು ಮೊಣಕಾಲಿಗೆ ಒತ್ತಿ ಎಳೆದಳು. ಮೊದಲ ಸಲ ಆಗಲಿಲ್ಲ, ಕೆಮ್ಮು ಬಂತು. ಎರಡನೇ ಸಲ ಅದು ಲಟಕ್ಕೆಂದು ಮುರಿಯಿತು. ಗುಡಾರದಲ್ಲಿ ಯಾರೋ ಹೆಂಗಸು ಚೀರಿದಳು. ಸೆಂದ್ಮಾ ಒಂದೊಂದೇ ತುಂಡನ್ನು ಆ ಸಣ್ಣ ಬಾಯಿಯಲ್ಲಿ ಇಳಿಸಿ, ಬೆಂಕಿಯ ಮೇಲೆ ಅಂಗಾತ ಮಲಗಿಸಿದಳು. ಮೇಲೆ ಬೆಣ್ಣೆ ಸುರಿದಳು. ಜ್ವಾಲೆ ಹಳದಿಯಾಗಿ ಎದ್ದಿತು.

"ನೋಡಿದ್ರಾ? ತಿಂತು. ನಂಗೂ ಹಲ್ಲಿಲ್ಲ, ಮುರಿದು ಕೊಟ್ರೇನೇ ತಿನ್ನೋದು. ಬೆಂಕಿಗೆ ಕೋಪ ಬಂದ್ರೆ ಮುರಿದೋಳ್ ಮೇಲೆ ಬರ್ಲಿ. ನಿಮ್ ಒಲೆಗಳನ್ನ ಇವ್ನಿಗೆ ಕೊಡಿ."

ಮರುದಿನ ಕೆಲವರು ಒಲೆ ತಂದರು. ನಾಚಿಕೆಗೆ ತಂದರೋ ಮನಸ್ಸು ಕರಗಿ ತಂದರೋ ನಾನು ವಿಚಾರಿಸಲಿಲ್ಲ. ಶಾಗ್ದರ್ ತರಲಿಲ್ಲ. ಮೂಳೆ ಮುರಿದ ಮನೆಗೆ ಆ ವರ್ಷ ವಾಡಿಕೆಯ ಹಬ್ಬದ ಹಾಲನ್ನೂ ಕಳಿಸಲಿಲ್ಲ. ಅವನ ಚಿಮಣಿ ಮೊದಲಿನಂತೆಯೇ ಕಪ್ಪು ಕಾರುತ್ತ, ಸಂಜೆಯಾದರೆ ಇಳಿಜಾರಿಗೆ ಜಾರಿಸುತ್ತ ಇತ್ತು. ಗೊಂಚಿಗ್ ನೆತ್ತಿಯ ಕಿಂಡಿಗೆ ಒದ್ದೆ ಬಟ್ಟೆ ಕಟ್ಟಿದ. ಬಟ್ಟೆ ಹೆಪ್ಪುಗಟ್ಟಿ ಹಲಗೆಯಾಯಿತು. ಕಿಂಡಿ ಮುಚ್ಚಿದರೆ ಅವಳಿಗೆ ಗಾಳಿಯಿಲ್ಲ, ತೆರೆದರೆ ಹೊಗೆ.

ಹೊಸ ವರ್ಷದ ಹಬ್ಬ ಕಳೆದು, ಬಿಸಿಲು ಕೊಂಚ ಬಲಿಯುವ ಹೊತ್ತಿಗೆ ಸೆಂದ್ಮಾ ಸತ್ತಳು. ಕೊನೆಯ ದಿನ ನನ್ನ ಕೈ ಹಿಡಿದು, "ಮುದುಕನ್ನ ಬೈತಾ ಇರಿ ಅಕ್ಕ, ಇಲ್ದಿದ್ರೆ ಅವ್ನಿಗೆ ಬೇಜಾರಾಗತ್ತೆ" ಎಂದಳು. ನಾನು ಮೂಗು ಒರೆಸಿಕೊಂಡು ಆಗಲಿ ಎಂದೆ.

ಸಾವಿನ ಮನೆಯಲ್ಲಿ ನಲವತ್ತೊಂಬತ್ತು ದಿನ ಯಾರೂ ದನಿಯೆತ್ತಬಾರದು, ಜಗಳವಾಡಬಾರದು. ಹೋದವರ ದಾರಿಗೆ ಅಡ್ಡಿಯಾಗುತ್ತದೆ. ಆ ದಿನಗಳು ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಶಾಗ್ದರ್ ಬಂದ. ಅಂಗಳದಲ್ಲಿ ನಾನು ಗೊಂಚಿಗ್‌ಗೆ ಸಾರು ಕೊಡಲು ಬಂದು ನಿಂತಿದ್ದೆ. ಶಾಗ್ದರ್ ಕಣ್ಣು ಒದ್ದೆ ಮಾಡಿಕೊಂಡು ನಿಟ್ಟುಸಿರು ಬಿಟ್ಟ.

"ಆ ಮೂಳೆ ಒಂದನ್ನ ಮುರೀದೇ ಇದ್ದಿದ್ರೆ ಅತ್ತಿಗೆ ಇನ್ನೂ ಇರ್ತಿದ್ರು ಅಣ್ಣ."

ನಾನು ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದೆ. ಶಾಗ್ದರ್ ಗುಡಾರದೊಳಗೆ ಒಮ್ಮೆ ಇಣುಕಿ ನೋಡಿ ಗಂಟಲು ಸರಿಮಾಡಿಕೊಂಡ.

"ಅಂದಂಗೆ, ನನ್ ಒಲೇಲಿ ಇಟ್ಟಿಗೆ ಬಿದ್ದೋಗಿದೆ. ಮನೆ ತುಂಬ ಹೊಗೆ, ಕಣ್ಣು ಬಿಡಕ್ಕಾಗ್ತಿಲ್ಲ. ನೀವೀಗ ಒಬ್ರೇ ತಾನೆ? ನಿಮ್ ಒಲೇಲಿ ಇಟ್ಟಿಗೆ ಗಟ್ಟಿಯಾಗಿದೆ. ಬಾಯಿ ಅಗಲ ಮಾಡಿ ನಂಗೆ ಕೊಡಿ, ನಂದನ್ನ ನೀವ್ ಇಟ್ಕೊಳಿ."

ಇಂಥ ಮಾತನ್ನು ಆಡಲು ಮನುಷ್ಯನಿಗೆ ಹೊಟ್ಟೆಯಲ್ಲಿ ಏನಿರಬೇಕೋ ನನಗೆ ಗೊತ್ತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಗೊಂಚಿಗ್ ಕೈಯೆತ್ತಿ ನನ್ನನ್ನು ತಡೆದ.

"ನಿನ್ ಒಲೆ ಎತ್ಕೊಂಡ್ ಬಾ. ಮೊದ್ಲು ಅದನ್ನ ನೋಡೋಣ" ಎಂದ ಮೆಲ್ಲಗೆ.

ಶಾಗ್ದರ್ ಭಾವಮೈದನನ್ನು ಕರೆದು ಇಬ್ಬರೂ ಏದುಸಿರು ಬಿಡುತ್ತ ಒಲೆ ಹೊತ್ತು ತಂದರು. ಗೊಂಚಿಗ್ ಬಿದ್ದ ಇಟ್ಟಿಗೆಗಳನ್ನು ಮಣ್ಣು ಮೆತ್ತಿ ಒಂದೊಂದಾಗಿ ಕೂರಿಸಿದ. ಆಮೇಲೆ ಬೇಲಿಯ ಹತ್ತಿರ ಹೋಗಿ ತಂತಿಯ ಬಳೆಗಳನ್ನು ತಿರುವಿ ಹಾಕಿ, ಸುಣ್ಣದಲ್ಲಿ ಶಾಗ್ದರ್ ಎಂದಿದ್ದುದನ್ನು ಬಿಚ್ಚಿದ. ಬಾಯಿಗೆ ಇಟ್ಟು ನೋಡಿದ. ಸರಿಯಾಗಿ ಕೂತಿತು.

"ಅಣ್ಣ, ಏನ್ ಮಾಡ್ತಿದೀರಿ? ನಾನ್ ಕೇಳಿದ್ದು ಅದಲ್ಲ..." ಶಾಗ್ದರ್ ದನಿ ಏರಿತು.

"ಮೆಲ್ಲಗೆ" ಎಂದ ಗೊಂಚಿಗ್. "ದಿನ ಇನ್ನೂ ತುಂಬಿಲ್ಲ. ಅವಳಿನ್ನೂ ದಾರೀಲಿದಾಳೆ."

ಶಾಸ್ತ್ರವಂತನ ಬಾಯಿ ಮುಚ್ಚಿತು. ವೆಲ್ಡಿಂಗಿನ ಕಿಡಿ ಅಂಗಳದ ಮಂಜಿನ ಮೇಲೆ ಉದುರಿತು. ಬೆಸುಗೆ ಸುತ್ತು ಮುಗಿಯುವ ತನಕ ಶಾಗ್ದರ್ ಟೋಪಿ ಹಿಸುಕುತ್ತ ನಿಂತಿದ್ದ. ಕೊನೆಗೆ ಭಾವಮೈದನ ಜೊತೆ ಒಲೆ ಹೊತ್ತುಕೊಂಡು ತಿರುಗಿ ನೋಡದೆ ಗುಡ್ಡ ಹತ್ತಿದ. ಈ ಬಾಯಿಯಲ್ಲಿ ಸಲಿಕೆಯೂ ಹೋಗುವುದಿಲ್ಲ, ಟೈರಿನ ತುಂಡೂ ಹೋಗುವುದಿಲ್ಲ.

ಆ ಸಂಜೆ ಗಾಳಿ ಇರಲಿಲ್ಲ. ಶಾಗ್ದರ್‌ನ ಚಿಮಣಿಯಿಂದ ಮೊದಲು ಸ್ವಲ್ಪ ಹೊಗೆ ಬಂತು, ಆಮೇಲೆ ಅದೂ ತೆಳುವಾಗಿ ನಿಂತೇಹೋಯಿತು. ಗೊಂಚಿಗ್ ಅಂಗಳದಲ್ಲಿ ಕತ್ತೆತ್ತಿ ಬಹಳ ಹೊತ್ತು ಅದನ್ನೇ ನೋಡಿದ. ನಾನು ಬೈಯಬೇಕೆಂದು ಬೇಲಿಯ ಹತ್ತಿರ ಹೋದವಳು ಬೈಯಲಿಲ್ಲ. ಅವನು ಒಳಗೆ ಹೋಗಿ ನೆತ್ತಿಯ ಕಿಂಡಿಯ ಹೊದಿಕೆಯನ್ನು ಪೂರಾ ಸರಿಸಿದ. ಒಳ್ಳೆಯ ಗಾಳಿ ಒಳಗಿಳಿಯಿತು. ಒಳಗೆ ಕೆಮ್ಮುವವರು ಯಾರೂ ಇರಲಿಲ್ಲ.