ಮಾನ್ವಿಯಲ್ಲಿ ಕಾಣದ ಫೈಲು

ಮಾನ್ವಿಯ ಕಾಲೇಜೊಂದಕ್ಕೆ ಕಂಪ್ಯೂಟರ್ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ಲ್ಯಾಬಿನ ಪರದೆಗಳೆಲ್ಲ ನೀರಿನೊಳಗೆ ತೇಲುವಂತೆ ಕಾಣುತ್ತಿದ್ದವು. ಕೊನೆಯ ಹುಡುಗಿ ದೇವದುರ್ಗದ ಕಡೆಯ ಕುರಿಗಾಹಿಗಳ ಮನೆಯವಳು. ತಾತ್ಕಾಲಿಕ ಫೈಲೊಂದರ ನೆರವಿನಿಂದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಬರೆದಿದ್ದಳು. ಪಟ್ಟಿ ಸರಿಯಾಗಿಯೇ ಬಂತು. ಆದರೆ ಹುಡುಕಿದರೆ ಫೈಲು ಎಲ್ಲೂ ಇರಲಿಲ್ಲ.

"ಫೈಲು ತೋರಿಸದಿದ್ದರೆ ಪಾಸು ಮಾಡಲಾರೆ" ಎಂದೆ. ಕಾಣದ್ದಕ್ಕೆ ಅಂಕ ಕೊಡುವ ಅಭ್ಯಾಸ ನನಗಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೂ ಕೊಟ್ಟಿರಲಿಲ್ಲ.

ಅವಳು ಪರದೆಯ ಮೇಲಿನ ಒಂದು ಸಾಲಿಗೆ ಬೆರಳಿಟ್ಟಳು. "ಮೇಡಂರೀ, ಪ್ರೋಗ್ರಾಂನಾಗ ಫೈಲ್ ಮಾಡೋ ಭಾಗ ಐತಲ್ರಿ, ಆ ಆಬ್ಜೆಕ್ಟೇ ಕೆಲಸ ಮುಗದ ಮ್ಯಾಲ ಅದನ್ನ ಅಳಿಸಿ ಹೋಗ್ತದ್ರಿ. ನಾನೇ ಹಂಗ ಬರದೀನಿ. ನಮ್ಮಪ್ಪ ಮಂದಿ ಹೊಲದಾಗ ಕುರಿ ನಿಲ್ಸಾಕ ಸಂಜಿಗಿ ಹಟ್ಟಿ ಕಟ್ತಾನ್ರಿ, ಮುಂಜಾನಿ ಕಿತ್ತಗೊಂಡು ಹೋಗ್ತಾನ. ಹೊಲದವರು ಹಟ್ಟಿ ತೋರ್ಸು ಅಂತಾರೇನ್ರಿ? ಗೊಬ್ಬರ ಬಿದ್ದದೋ ಇಲ್ಲೋ ಅಷ್ಟ ನೋಡ್ತಾರ."

"ನಾನು ಹೊಲದವಳಲ್ಲ, ಪರೀಕ್ಷಕಿ."

"ಹಂಗಾರ ನಡುವ ನಿಲ್ಲಿಸಿ ತೋರಸ್ತೀನಿ, ಬರ್ರಿ."

ಪ್ರೋಗ್ರಾಂ ಅರ್ಧಕ್ಕೆ ನಿಂತಿತು. ಫೋಲ್ಡರಿನಲ್ಲಿ ವಿಚಿತ್ರ ಹೆಸರಿನ ಫೈಲೊಂದು ಕಂಡಿತು. ಅವಳು ಕೀಲಿ ಒತ್ತಿದಳು, ಪ್ರೋಗ್ರಾಂ ಮುಂದುವರಿದು ಮುಗಿಯಿತು, ಫೈಲು ಇರಲಿಲ್ಲ. ಇನ್ನೊಮ್ಮೆ ಮಾಡಿಸಿದೆ, ಪರೀಕ್ಷೆಗಲ್ಲ, ನೋಡುವ ಆಸೆಗೆ. ಆಮೇಲೆ ಪೂರ್ತಿ ಅಂಕ ಬರೆದೆ.

ರಾಯಚೂರಿನ ಬಸ್ಸಿನಲ್ಲಿ ತೂಕಡಿಸುತ್ತ, ಕಿಟಕಿಯಾಚೆಯ ಖಾಲಿ ಹೊಲಗಳಲ್ಲಿ ಕಿತ್ತುಹೋದ ಹಟ್ಟಿಗಳ ಗುರುತು ಹುಡುಕುತ್ತ ಬಂದೆ. ಮನೆಯಲ್ಲಿ ನನ್ನ ಕಂಪ್ಯೂಟರ್ ತೆರೆದರೆ, ಎಷ್ಟೋ ವರ್ಷಗಳ ತಾತ್ಕಾಲಿಕ ಫೈಲುಗಳು ಯಾರೂ ಕೀಳದೆ ಬಿಟ್ಟ ಹಟ್ಟಿಗಳಂತೆ ಕದಲದೆ ಕೂತಿದ್ದವು.